ಲೀಲಾಬಾಯಿಯವರ ಮಹಡಿ ಕೋಣೆ

ಬೀದರಿನ ಕಾಲೇಜಿಗೆ ಸೇರಿದಾಗ ನನಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತು. ಆದರೆ ಒಂದೇ ಕೋಣೆಯಲ್ಲಿ ಆರು ಹುಡುಗಿಯರು ಎಂದು ತಿಳಿದು, ಅಪ್ಪ ನನ್ನನ್ನು ಕೋಟೆಯ ಹತ್ತಿರದ ಲೀಲಾಬಾಯಿಯವರ ಬಾಡಿಗೆ ಕೋಣೆ ನೋಡಲು ಕರೆದೊಯ್ದ.

ಜೂನ್ ತಿಂಗಳ ಮಧ್ಯಾಹ್ನ. ನಮ್ಮೂರು ಠಾಣಾ ಕುಶನೂರದಿಂದ ಬಸ್ಸಿನಲ್ಲಿ ಬೆವೆತು ಬಂದಿದ್ದೆವು. ಮಹಡಿಯ ಆ ಕೋಣೆಗೆ ಕಾಲಿಟ್ಟರೆ ನೀರಿನ ಗಡಿಗೆಯ ಪಕ್ಕ ಕೂತಂಥ ತಂಪು. ಈಗಷ್ಟೇ ಯಾರೋ ತಲೆ ಬಾಚಿಕೊಂಡಂತೆ ಕೊಬ್ಬರಿ ಎಣ್ಣೆಯ ವಾಸನೆ. ಬಿಸಿಲು ಬೀಳದ ಮೂಲೆಯಲ್ಲಿದ್ದ ಕುರ್ಚಿಯ ಮೇಲೆ ಕೈಯಿಟ್ಟೆ. ಯಾರೋ ಎದ್ದು ಹೋದಂತೆ ಅದು ಬೆಚ್ಚಗಿತ್ತು.

“ಇಲ್ಲಿ ಯಾರ ಇರ್ತಾರ್ರಿ?” ಅಪ್ಪ ಕೇಳಿದ.

“ಎರಡ ವರ್ಷ ಆತರಿ, ಯಾರೂ ಇಲ್ಲ. ಕೀಲಿ ಈಗೇ ತಗದೇನಿ,” ಎಂದರು ಲೀಲಾಬಾಯಿ.

ಅಪ್ಪನ ಮುಖ ಸಣ್ಣದಾಯಿತು. “ಹಾಸ್ಟೆಲೇ ಚಲೋ ಅನಸ್ತದ, ಮಾಯಾ.”

“ಬ್ಯಾಡಪ್ಪಾ. ಯಾಕೋ ಇಲ್ಲಿ ಮನಸಿಗಿ ಆರಾಮ ಅನಸ್ತದ. ಇಲ್ಲೇ ಇರ್ತೇನಿ.”

ನಾನು ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ವರ್ಷ ಸುಖವಾಗಿ ಕಳೆಯಿತು. ಕಾಲೇಜಿನಿಂದ ಬಂದಾಗ ಒಮ್ಮೊಮ್ಮೆ ಕುರ್ಚಿ ಬೆಚ್ಚಗಿರುತ್ತಿತ್ತು. ಅದನ್ನು ಬಿಟ್ಟು ನಾನು ಮಂಚದ ಮೇಲೆ ಕೂತು ಜೋರಾಗಿ ಓದುತ್ತಿದ್ದೆ. ಕೇಳುವವರು ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಹೆದರಿಕೆ ಮಾತ್ರ ಆಗುತ್ತಿರಲಿಲ್ಲ.

ಕಳೆದ ಪರೀಕ್ಷೆಗೆ ಮುಂಚೆ, ಊರಿಗೆ ಹೋಗುವಾಗ ಕೇಳೋಣವೆಂದು ಒಂದು ಪಾಠವನ್ನು ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಬಸ್ಸಿನಲ್ಲಿ ಕೇಳಿದರೆ, ನನ್ನ ದನಿಯ ಜೊತೆ ಇನ್ನೊಂದು ಹೆಣ್ಣುದನಿ ಮೆಲ್ಲಗೆ ಅದೇ ಪಾಠ ಓದುತ್ತಿತ್ತು. ಮನೆಗೆ ಹೋಗಿ ಪುಸ್ತಕ ತೆರೆದು ಹೋಲಿಸಿ ನೋಡಿದೆ. ಒಂದು ಕಡೆ ನಾನು ಕಣ್ತಪ್ಪಿ ಎರಡು ಸಾಲು ಬಿಟ್ಟು ಮುಂದೆ ಹೋಗಿದ್ದೇನೆ. ಆ ದನಿ ಆ ಎರಡು ಸಾಲುಗಳನ್ನೂ ಓದಿದೆ.