ಶುದ್ಧ ಮಾಡಿದ ಟ್ಯಾಂಕ್‌ಗಳು

ನಗರಗೆರೆ ಕಡೆಯ ಹಳ್ಳಿಯೊಂದರಲ್ಲಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದರು. ಒಳಗೆ ಎರಡು ಪಾರಿವಾಳ ಕೊಳೆತು ತೇಲುತ್ತಿದ್ದವು. ಅಷ್ಟರಲ್ಲಾಗಲೇ ಹನ್ನೊಂದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು. ಅಮ್ಮಾಜಮ್ಮ ಎಂಬ ಮುದುಕಿ ತೀರಿಕೊಂಡಿದ್ದರು.

ಸಬ್ ಇನ್‌ಸ್ಪೆಕ್ಟರ್ ಸೌಜನ್ಯ ಕೈಯಲ್ಲಿ ಗೌರಿಬಿದನೂರಿನ ಖಾಸಗಿ ಲ್ಯಾಬೊಂದರ ಇಂಗ್ಲಿಷ್ ವರದಿಯಿತ್ತು. ಮೂರು ಟ್ಯಾಂಕ್‌ಗಳ ಪಟ್ಟಿ. ಅದರಲ್ಲಿ ಇದೂ ಒಂದು. ತಲೆಬರಹ: 'ಟ್ಯಾಂಕ್ಸ್ ಕ್ಲೀನ್ಡ್'. ಶುದ್ಧ ಮಾಡಿದ ಟ್ಯಾಂಕ್‌ಗಳು. ಅದನ್ನು ನಂಬಿ ಪಂಚಾಯ್ತಿಯವರು ಊರಿಗೆ ನೀರು ಬಿಟ್ಟಿದ್ದರು.

ಕೊನೇ ಪುಟದಲ್ಲಿ ಸಹಿ: ಚೈತ್ರ.

*

ಚೈತ್ರ ಲ್ಯಾಬಿಗೆ ನೀರಿನ ಸ್ಯಾಂಪಲ್ ತಂದು ವರದಿ ಬರೆದುಕೊಡುವ ಹುಡುಗಿ. ಅವಳ ಮನೆ ಕಿಟಕಿಗೆ ಯಾರೋ ಕಲ್ಲು ಹೊಡೆದಿದ್ದರು.

"ಸೈನ್ ನಂದೇ ಮೇಡಂ. ಹೆಡ್ಡಿಂಗ್ ನಂದಲ್ಲ."

"ನೀನೇನು ಬರೆದಿದ್ದೆ?"

"ಕೈಯಲ್ಲಿ ಬರೆದುಕೊಟ್ಟೆ. 'ಟ್ಯಾಂಕ್ಸ್ ವಿಚ್ ಆರ್ ಟು ಬಿ ಕ್ಲೀನ್ಡ್' ಅಂತ. ಶುದ್ಧ ಮಾಡಬೇಕಾದ ಟ್ಯಾಂಕ್‌ಗಳು."

"ಆ ಹಾಳೆ ಎಲ್ಲಿದೆ?"

"ಫೈಲಲ್ಲಿತ್ತು. ಈಗಿಲ್ಲ."

*

ಲ್ಯಾಬಿನ ಮಾಲೀಕ ಗಂಗಾಧರ್. ಟ್ಯಾಂಕ್ ತೊಳೆಯುವ ಗುತ್ತಿಗೆಯೂ ಅವನದೇ. ತೊಳೆಯದೆಯೇ ತೊಳೆದಂತೆ ಬರೆದನೇ ಎಂದು ಸೌಜನ್ಯಗೆ ಅನುಮಾನ ಬಂತು.

"ತೊಳೆಯೋಕೆ ಇನ್ನೂ ಆರ್ಡರೇ ಬಂದಿಲ್ಲ ಮೇಡಂ. ತೊಳೆದಿದ್ದೀನಿ ಅಂತ ನಾನು ಎಲ್ಲೂ ಹೇಳಿಲ್ಲ."

"ವರದಿ ಟೈಪ್ ಮಾಡಿದ್ದು ಯಾರು?"

"ನಾನೇ."

ಸೌಜನ್ಯ ಒಂದು ಬಿಳಿ ಹಾಳೆ ಕೊಟ್ಟಳು. "ಕಳೆದ ವಾರ ತಂದ ಸ್ಯಾಂಪಲ್‌ಗಳ ಬಗ್ಗೆ ಇಂಗ್ಲಿಷಲ್ಲಿ ಎರಡು ಸಾಲು ಬರೀರಿ."

ಗಂಗಾಧರ್ ಬೆವರುತ್ತಾ ಬರೆದ. ಎರಡು ಸಾಲಿನಲ್ಲಿ ಮೂರು 'ವಿಚ್'.

ಸೌಜನ್ಯ ವರದಿಯನ್ನು ಮತ್ತೆ ತಿರುವಿದಳು. ಒಂಬತ್ತು ಪುಟ. ಒಂದೇ ಒಂದು 'ವಿಚ್' ಇಲ್ಲ. ಎಲ್ಲ ಕಡೆ 'ಸ್ಯಾಂಪಲ್ಸ್ ಕಲೆಕ್ಟೆಡ್', 'ವೆಲ್ಸ್ ಟೆಸ್ಟೆಡ್'. ಚೊಕ್ಕ ಇಂಗ್ಲಿಷ್. ಹಾಗೆ 'ವಿಚ್' ಬಿಟ್ಟು ಬರೆಯುವುದನ್ನು ಅವಳೂ ಶಾಲೆಯಲ್ಲಿ ಕಲಿತಿದ್ದಳು. ಕಲಿಸಿದವರು ಯಾರೆಂದು ಅವಳಿಗೆ ಗೊತ್ತಿತ್ತು.

"ರಮೇಶ್‌ಬಾಬು ಮೇಷ್ಟ್ರಾ?"

ಗಂಗಾಧರ್ ತಲೆ ತಗ್ಗಿಸಿದ. "ನನಗೂ ಪಾಠ ಹೇಳಿದವರು ಮೇಡಂ. ಇಂಗ್ಲಿಷ್ ತಿದ್ದಿ ಟೈಪ್ ಮಾಡಿಕೊಡ್ತಾರೆ. ಅಮ್ಮಾಜಮ್ಮ ಸತ್ತ ಮಾರನೇ ದಿನ ಬಂದು ಫೈಲ್ ತೆಗೆಸಿ ನೋಡಿದ್ರು. ಅವರ ಹೆಸರು ಹೇಳೋಕೆ ಬಾಯಿ ಬರಲಿಲ್ಲ."

*

ನಿವೃತ್ತ ಮೇಷ್ಟ್ರು ಜಗಲಿ ಮೇಲೆ ಕೂತಿದ್ದರು.

"ಬಾರಮ್ಮ ಸೌಜನ್ಯ. ಕಾಫಿ ಮಾಡಿಸಲಾ?"

"ಬೇಡ ಸಾರ್. 'ವಿಚ್ ಆರ್ ಟು ಬಿ' ಹೊಡೆದುಹಾಕಿದ್ದು ನೀವೇನಾ?"

ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಉದ್ದ ವಾಕ್ಯ ಕಡಿಮೆ ಮಾಡಬೇಕು ಅಂತ ನೀವೇ ಹೇಳಿಕೊಟ್ಟಿದ್ದು. 'ವಿಚ್ ವರ್ ಕಲೆಕ್ಟೆಡ್' ಅನ್ನೋದನ್ನ 'ಕಲೆಕ್ಟೆಡ್' ಅಂದ್ರೆ ಅರ್ಥ ಕೆಡಲ್ಲ. ಆ ಕೆಲಸ ಮುಗಿದಿರುತ್ತೆ. ಆದ್ರೆ 'ಟು ಬಿ ಕ್ಲೀನ್ಡ್' ಅಂದ್ರೆ ಇನ್ನು ಮುಂದೆ ಆಗಬೇಕಾದ ಕೆಲಸ. ಅದನ್ನೂ 'ಕ್ಲೀನ್ಡ್' ಅಂತ ಮಾಡಿದ್ರಿ. ಮಾಡಬೇಕಾದ್ದು ಮಾಡಿದ್ದು ಅಂತಾಯ್ತು."

"ವಿಷಯ ಏನಂತ ನೋಡಲೇ ಇಲ್ಲಮ್ಮ. ವಾಕ್ಯ ಮಾತ್ರ ನೋಡಿದೆ."

"ಅದು ತಪ್ಪು ಸಾರ್. ಅಪರಾಧ ಅಲ್ಲ. ಆದ್ರೆ ಅಮ್ಮಾಜಮ್ಮ ಸತ್ತ ಮಾರನೇ ದಿನ ಫೈಲಿಂದ ಚೈತ್ರಳ ಹಾಳೆ ತೆಗೆದಿರಲ್ಲ?"

ಮೇಷ್ಟ್ರು ಒಳಗೆ ಹೋಗಿ, ಮಡಚಿದ ಹಾಳೆ ತಂದು ಅವಳ ಕೈಗಿಟ್ಟರು.

"ಸುಟ್ಟುಹಾಕೋಣ ಅಂತಿದ್ದೆ. ಆಗಲಿಲ್ಲ. ನಲವತ್ತು ವರ್ಷದ ಹೆಸರಮ್ಮ. ತಪ್ಪು ಆ ಹುಡುಗಿ ಮೇಲೆ ಬರುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

"ಚಪ್ಪಲಿ ಹಾಕ್ಕೊಳ್ಳಿ ಸಾರ್," ಎಂದಳು ಸೌಜನ್ಯ.

*

ಸಂಜೆ ಅವಳು ಚೈತ್ರಳ ಮನೆಗೆ ಹೋಗಿ ಎಲ್ಲ ಹೇಳಿದಳು. ನಿನ್ನದೇನೂ ತಪ್ಪಿಲ್ಲ ಎಂದಳು.

ಚೈತ್ರಳ ಮುಖ ಅರಳಲಿಲ್ಲ.

"ಬಸ್ಸಿಗೆ ಹೊತ್ತಾಗಿತ್ತು ಮೇಡಂ," ಎಂದಳು. "ಕೊನೇ ಪುಟ ಮಾತ್ರ ತಿರುವಿ ಸೈನ್ ಹಾಕಿದೆ. ಒಂದು ಸಲ ಓದಿದ್ರೆ ಆ ಅಜ್ಜಿ ಬದುಕಿರ್ತಿದ್ರು."