ಬಾನೆಟ್ ಮೇಲಿನ ನಾಣ್ಯ

ಮುಳಬಾಗಿಲಿನ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ವೆಂಕಟರಾಯಪ್ಪ ತಮ್ಮ ಹಳೇ ಆಸ್ಟಿನ್ ಕಾರಿನ ಸ್ಟಿಯರಿಂಗಿಗೆ ಹಣೆಯಾನಿಸಿ ಸತ್ತಿದ್ದರು. ಇಂಜಿನ್ ಇನ್ನೂ ಓಡುತ್ತಿತ್ತು. ಶೆಡ್ಡಿನ ತುಂಬ ಹೊಗೆ.

ಮೊದಲು ಕಂಡವರು ಕೋಲಾರದ ಅಮರನಾಥ್, ಹಳೇ ಕಾರುಗಳ ಹುಚ್ಚಿನಲ್ಲಿ ಅವರಿಗೆ ಜೊತೆಗಾರ.

"ರಸ್ತೇಲಿ ಹೋಗ್ತಿದ್ದೆ ಮೇಡಂ. ಇಂಜಿನ್ ಸದ್ದು ಕೇಳಿಸ್ತು. ಒಳಗಿಂದ ಚಿಲಕ ಹಾಕಿತ್ತು. ಒದ್ದು ತೆಗೆದೆ," ಎಂದು ಎಸ್‌ಐ ಗಂಗಾಳ ಮುಂದೆ ಕಣ್ಣೊರೆಸಿಕೊಂಡರು.

ರಕ್ತದಲ್ಲಿ ನಿದ್ದೆ ಮಾತ್ರೆಯ ಅಂಶ ಸಿಕ್ಕಿತು, ಕಾರಿನಲ್ಲಿ ಖಾಲಿ ಕಾಫಿ ಲೋಟ. ಹಿಂದಿನ ದಿನವಷ್ಟೇ ಹೆಂಡತಿ ಶ್ಯಾಮಲಮ್ಮ ಜಗಳವಾಡಿ ಶ್ರೀನಿವಾಸಪುರದ ತವರಿಗೆ ಹೋಗಿದ್ದರು. ಇನ್ನೇನು ಬೇಕು? ಹೆಂಡತಿಯ ಕಾಟಕ್ಕೇ ಪ್ರಾಣ ಬಿಟ್ಟ ಅಂತ ಊರು ತೀರ್ಪು ಕೊಟ್ಟೇಬಿಟ್ಟಿತು. ಹಾಳು ಊರು, ಅದರ ಬಾಯಿ ಮುಚ್ಚಿಸೋರು ಯಾರು!

"ಭಾನುವಾರ ಕುರುಡುಮಲೆ ಹತ್ರ ಇಬ್ರೂ ಪಂದ್ಯ ಕಟ್ಟಿದ್ರಮ್ಮಾ," ಎಂದರು ಶ್ಯಾಮಲಮ್ಮ. "ಇಂಜಿನ್ ಓಡ್ತಿರೋವಾಗ ಬಾನೆಟ್ ಮೇಲೆ ನಾಣ್ಯಾನ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸೋದು. ಅಮರನಾಥ್ ಕಾರಿಂದು ಬಿದ್ದೋಯ್ತು, ಎಲ್ರೂ ನಕ್ರು. ಇವರದ್ದು ಅಲ್ಲಾಡಲಿಲ್ಲ. ಅದನ್ನೇ ನೂರು ಸಲ ಹೇಳ್ತಿದ್ರು ಅಂತ ರೇಗಿಬಿಟ್ಟೆ. ನನ್ನ ಮಾತಿಗೇ ಸತ್ರಾ? ಅದೊಂದು ಹೇಳಿಬಿಡಿ."

ಗಂಗಾ ಅಮರನಾಥ್ ಹೇಳಿಕೆಯನ್ನು ಮತ್ತೆ ತೆಗೆದು ಓದಿದಳು.

\* \* \*

ಮರುದಿನ ಅವಳು ಆಸ್ಟಿನ್ ಚಾಲೂ ಮಾಡಿಸಿ, ಮುರಿದ ಬಾಗಿಲನ್ನು ಒತ್ತಿ ಮುಚ್ಚಿಸಿ ರಸ್ತೆಗೆ ಬಂದಳು. ಲಾರಿಗಳು ಹೋಗುವ ತನಕ ಕಾದು ಕಿವಿಗೊಟ್ಟಳು. ಏನೂ ಇಲ್ಲ. ಬಾಗಿಲಿಗೇ ಕಿವಿ ಹಚ್ಚಿದ ಮೇಲೆ ಸಣ್ಣ ಗುನುಗು ಕೇಳಿಸಿತು.

ಅವಳು ಅಮರನಾಥ್‌ಗೆ ಹೇಳಿ ಕಳಿಸಿದಳು.

\* \* \*

"ಕೇಳಿಸ್ತಾ ಸಾರ್?" ರಸ್ತೆಯಲ್ಲಿ ನಿಲ್ಲಿಸಿ ಕೇಳಿದಳು.

"ಈಗ... ಲಾರಿ ಸದ್ದು ಜಾಸ್ತಿ."

"ಅವತ್ತೂ ಲಾರಿ ಓಡಾಡ್ತಿದ್ವು."

ಒಳಗೆ ಕರೆದೊಯ್ದು, ಓಡುತ್ತಿದ್ದ ಆಸ್ಟಿನ್ ಬಾನೆಟ್ ಮೇಲೆ ಹತ್ತು ರೂಪಾಯಿ ನಾಣ್ಯ ನಿಲ್ಲಿಸಿದಳು. ನಾಣ್ಯ ನಿಂತೇ ಇತ್ತು. ಅಮರನಾಥ್ ಮುಖ ಬಿಳಿಚಿಕೊಂಡಿತು.

"ಅವತ್ತೂ ಬೀಳಲಿಲ್ಲ," ಎಂದರು.

"ಭಾನುವಾರಾನಾ?"

"ಇಲ್ಲೇ. ಅವನು ನಿದ್ದೆ ಹೋದ್ಮೇಲೆ ನಿಲ್ಲಿಸಿ ನೋಡ್ದೆ. ಎಲ್ಲರೆದುರು ನನ್ನ ಮಾನ ಕಳೆದಿದ್ದ ಮೇಡಂ. ಆಗಲಾದ್ರೂ ಬೀಳಬೇಕಿತ್ತು."

ಥೂ ಅನ್ನಿಸಿತು ಗಂಗಾಳಿಗೆ. ಬಾಗಿಲಲ್ಲಿ ನಿಂತಿದ್ದ ಶ್ಯಾಮಲಮ್ಮನವರ ಕಡೆ ತಿರುಗಿದಳು.

"ಕಾಫಿಗೆ ಮಾತ್ರೆ ಹಾಕಿ, ಇಂಜಿನ್ ಓಡೋಕೆ ಬಿಟ್ಟು, ಹೊರಗಿಂದ ಬಾಗಿಲು ಎಳ್ಕೊಂಡು ಹೋಗಿದಾರೆ. ಆಮೇಲೆ ತಾವೇ ಬಂದು ಒದ್ದು ಮುರಿದ್ರು. ಒಳಗಿಂದ ಚಿಲಕ ಹಾಕಿತ್ತು ಅಂದವರು ಇವರೊಬ್ಬರೇ ಅಲ್ವಾ? ಸದ್ದು ರಸ್ತೆಗೆ ಕೇಳಿಸ್ತು ಅಂದಿದ್ದೇ ತಪ್ಪಾಯ್ತು. ತಮ್ಮ ಕಾರಿನ ಗದ್ದಲದ ಲೆಕ್ಕ ಹಾಕಿದ್ರು. ನಾಣ್ಯಾನೇ ಅಲ್ಲಾಡಿಸದ ಇಂಜಿನ್ ರಸ್ತೆವರೆಗೂ ಸದ್ದು ಮಾಡುತ್ತಾ?"

ಶ್ಯಾಮಲಮ್ಮ ಕಾರಿನೊಳಗೆ ಕೈಹಾಕಿ ಕೀಲಿ ತಿರುಗಿಸಿದರು. ಇಂಜಿನ್ ಒಮ್ಮೆ ಜಗ್ಗಿ ನಿಂತಿತು. ನಾಣ್ಯ ಉರುಳಿ ಅಮರನಾಥ್ ಕಾಲ ಬಳಿ ಬಿತ್ತು.

"ನನ್ನ ಮಾತಿಗೆ ಸಾಯಲಿಲ್ಲ ಅವರು," ಎಂದರು ಶ್ಯಾಮಲಮ್ಮ. ಗಂಡ ಸತ್ತ ಮೇಲೆ ಅವರು ಅತ್ತಿದ್ದು ಆಗಲೇ.