ಮೂರು ಸರ್ವರ್ ಬೇಡವೆಂದ ಗ್ರಾಹಕ

ನನ್ನದೊಂದು ಸಣ್ಣ ಚಿಂತೆ ಇತ್ತು. ಡೈರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಕಚೇರಿಯ ಫೋನ್ ರಿಂಗಾಗುವ ಮೊದಲೇ ನನ್ನ ಎದೆ ರಿಂಗಾಗುತ್ತಿತ್ತು. ಗ್ರಾಹಕರು ಕೇಳುವುದಕ್ಕೆಲ್ಲ ಉತ್ತರ ಗೊತ್ತು. ಆದರೆ ಅದು ಗಂಟಲಲ್ಲೇ ಕುಳಿತು, ಮನೆಗೆ ಬಂದ ಮೇಲೆ ಪುಟಗಟ್ಟಲೆ ಹರಿಯುತ್ತಿತ್ತು. ಪಕ್ಕದ ಮೇಜಿನಲ್ಲಿ ಚಿಕ್ಕಮ್ಮ ಇದ್ದುದರಿಂದ ಬಚಾವಾಗಿದ್ದೆ.

ಗೇಮ್ ಸರ್ವರ್ ಬಾಡಿಗೆಗೆ ಕೊಡುವುದು ನಮ್ಮ ಕಂಪನಿಯ ಕಸುಬು. ತಂತಮ್ಮ ಮನೆಗಳಲ್ಲಿ ಕುಳಿತು ಆಡುವವರೆಲ್ಲ ಬಂದು ಸೇರುವ ಅಂಗಳ ನಮ್ಮ ಯಂತ್ರಗಳೊಳಗೆ ಇರುತ್ತದೆ. ಅಂಗಳದಲ್ಲಿ ಎಡವಿದವರ ದೂರು ಕೇಳುವುದು ಚಿಕ್ಕಮ್ಮನ ಕೆಲಸ. ದೂರಿನ ಬಾಲ ಹಿಡಿದು ಬುಡಕ್ಕೆ ಹೋಗುವುದರಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಇದನ್ನು ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ, ಮುಚ್ಚಿಡುವುದೇಕೆ?

ಆ ಬೆಳಿಗ್ಗೆ ಮೂವರು ಬಂದರು. ಮುಂದೆ ಒಬ್ಬ ಹಲ್ಲಿನ ಡಾಕ್ಟರಮ್ಮ. ತನ್ನ ಆಟದ ತಂಡಕ್ಕೆ ಆಕೆಯೇ ಕ್ಯಾಪ್ಟನ್. ಹಿಂದೆ, ತಲೆ ತಗ್ಗಿಸಿಕೊಂಡು ಆಕೆಯ ತಮ್ಮ. ಅವನ ಪಕ್ಕದಲ್ಲಿ ತಂಡದ ಬದಲಿ ಆಟಗಾರ, ಯಾರಾದರೂ ಬರದಿದ್ದರೆ ಮಾತ್ರ ಆಡುವವನು.

"ನಿಮ್ಮ ಸರ್ವರ್ ನಮ್ಮ ಮಾನ ಕಳೀತಿದೆ," ಎಂದರು ಕ್ಯಾಪ್ಟನ್. "ಪಂದ್ಯ ಬಿಗಿಯಾದಾಗಲೇ ಎಲ್ಲಾ ನಿಂತುಬಿಡುತ್ತೆ. ಕರೆದು ಇಂಥ ಅಂಗಳ ಕೊಡ್ತೀರಾ ಅಂತ ಎದುರು ತಂಡದವರು ನಗ್ತಾರೆ."

"ಈ ಕಂಪನಿ ಆರಿಸಿದ್ದು ಇವನೇ," ಎಂದು ಬದಲಿ ಆಟಗಾರ ತಮ್ಮನ ಬೆನ್ನು ಸವರಿದ. "ಪಾಪ, ಬೈಬೇಡಿ ಬಿಡಿ."

"ನಾನೇನು ಕಣ್ಮುಚ್ಚಿ ಆರಿಸಿದ್ನಾ ಅಕ್ಕ?" ತಮ್ಮ ಕೇಳಿದ. "ನಮ್ಮೆಲ್ಲರ ಮನೆಗೂ ಹತ್ತಿರದ ಸರ್ವರಾ, ಇಂಟರ್‌ನೆಟ್‌ನಿಂದ ದಾಳಿ ಆದ್ರೆ ತಡೀತಾರಾ, ಆಟ ಅಳಿಸಿಹೋದ್ರೆ ಇನ್ನೊಂದು ಪ್ರತಿ ಇರುತ್ತಾ, ಫೋನ್ ಮಾಡಿದ್ರೆ ಮನುಷ್ಯರು ಎತ್ತುತ್ತಾರಾ, ಎಲ್ಲಾ ವಿಚಾರಿಸಿದ್ದೆ."

"ಅಗ್ಗ ಅಂತ ಅಲ್ವಾ?" ಚಿಕ್ಕಮ್ಮ ಕೇಳಿದಳು.

"ಅಗ್ಗಾನಾ? ನೀವೇ ಎಲ್ಲರಿಗಿಂತ ದುಬಾರಿ!"

ಹಿಂದೆ ನಿಂತಿದ್ದ ಕಂಪನಿಯ ಯಜಮಾನರಿಗೆ ಕೆಮ್ಮು ಬಂತು.

ಕ್ಯಾಪ್ಟನ್ ನಗಲಿಲ್ಲ. "ಫೈನಲ್‌ನಿಂದ ಇವನನ್ನ ಕೈಬಿಡಿ ಅಂತಿದೆ ತಂಡ. ತಮ್ಮ ಅಂತ ಉಳಿಸಿಕೊಂಡ್ರೆ ನಾನು ಕ್ಯಾಪ್ಟನ್ ಆಗಿರೋಕೆ ಲಾಯಕ್ಕಲ್ಲ. ಸರ್ವರ್ ಸರಿಯಾಗಿ ನಡೆದಿದ್ದು ಒಂದೇ ಪಂದ್ಯದಲ್ಲಿ. ಅವತ್ತು ಇವನು ಜ್ವರ ಬಂದು ಮನೇಲಿ ಮಲಗಿದ್ದ."

ಅವರು ಹೋದ ಮೇಲೆ ಯಜಮಾನರು ತೊಡೆ ತಟ್ಟಿದರು. "ಆ ತಮ್ಮನೇ ಕಣ್ರೀ! ಅವನಿಲ್ಲದ ದಿನ ತೊಂದರೇನೂ ಇಲ್ಲ. ಇನ್ನೇನು ಬೇಕು?"

"ಇನ್ನೂ ಸ್ವಲ್ಪ ಬೇಕು ಸರ್," ಎಂದ ಚಿಕ್ಕಮ್ಮ ಯಂತ್ರಗಳ ಕೋಣೆಯಿಂದ ತಂತ್ರಜ್ಞನನ್ನು ಕರೆದಳು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಬರಬೇಕಾದ ಅವನನ್ನು ನಾವು ಏಣಿಯಣ್ಣ ಎನ್ನುತ್ತಿದ್ದೆವು.

"ಹೊರಗಿನ ದಾಳಿ ಅಲ್ಲಕ್ಕ," ಎಂದ ಅವನು. "ಒಂದೊಂದು ಯಂತ್ರದಲ್ಲಿ ನಾಲ್ಕೈದು ಗ್ರಾಹಕರ ಸರ್ವರ್ ಇರುತ್ತಲ್ಲ, ಇವರಿರೋ ಯಂತ್ರ ಆಗಾಗ ಏದುಸಿರು ಬಿಡುತ್ತೆ." ಆಮೇಲೆ ಗೊಣಗಿದ: "ಅದೇ ಯಂತ್ರದಲ್ಲಿ ಒಬ್ಬ ಮಹಾನುಭಾವ ಬೇರೆ ಇದಾನೆ. ಒಂದು ಸರ್ವರ್ ತಗೊಂಡ, ಅವತ್ತೇ ಬೇಡ ಅಂದ. ಇನ್ನೊಂದು ತಗೊಂಡ, ಬೇಡ. ಮತ್ತೊಂದು, ಅದೂ ಬೇಡ. ಕೊನೆಗೆ ನಾಲ್ಕನೇದು ಇಟ್ಕೊಂಡ. ನಾಲ್ಕೂ ಒಂದೇ ಅಚ್ಚಿನವು! ಇಷ್ಟಾಗಿ, ಅದರಲ್ಲಿ ಒಬ್ಬನೂ ಆಡಲ್ಲ."

ಚಿಕ್ಕಮ್ಮ ಹಿಡಿದಿದ್ದ ಲೋಟ ಕೆಳಗಿಟ್ಟಳು. "ಏನೇ, ಕೊಳ್ಳೋಕೆ ಬಂದವರು ಏನೇನು ನೋಡ್ತಾರೆ?"

"ಆ ತಮ್ಮ ಹೇಳಿದ್ದನ್ನೇ," ಎಂದು ಪಿಸುಗುಟ್ಟಿದೆ. "ಹತ್ತಿರ ಇದೆಯಾ, ಕಾವಲಿದೆಯಾ, ಪ್ರತಿ ಇರುತ್ತಾ, ಫೋನ್ ಎತ್ತುತ್ತಾರಾ..."

"ಅದರಲ್ಲೆಲ್ಲ ಆ ನಾಲ್ಕೂ ಒಂದೇ ಥರ. ಹಾಗಿದ್ರೆ ಅವನು ನೋಡಿದ್ದೇನು?"

ನನಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು.

ಮರುದಿನ ಮಧ್ಯಾಹ್ನ ನಮ್ಮ ಕಚೇರಿಯಲ್ಲಿ ಅದೇ ಮೂವರನ್ನು ಕೂರಿಸಿ, ಎಲ್ಲರ ಫೋನನ್ನೂ ಮೇಜಿನ ಮೇಲಿಡಿಸಿದಳು. ಏಣಿಯಣ್ಣ ಲ್ಯಾಪ್‌ಟಾಪ್ ತೆರೆದು ಪಕ್ಕದಲ್ಲಿ ಕುಳಿತಿದ್ದ.

"ವಸತಿಗೃಹಕ್ಕೆ ಒಬ್ಬ ಬರ್ತಾನೆ ಅಂದ್ಕೊಳ್ಳಿ," ಎಂದು ಶುರು ಮಾಡಿದಳು. "ಒಂದೇ ಥರದ ಮೂರು ರೂಮು ಬೇಡ ಅಂತಾನೆ, ಅಂಥದ್ದೇ ನಾಲ್ಕನೇ ರೂಮು ಹಿಡೀತಾನೆ. ಅವನು ನೋಡಿದ್ದು ರೂಮನ್ನಲ್ಲ, ಪಕ್ಕದ ರೂಮಲ್ಲಿ ಯಾರಿದ್ದಾರೆ ಅಂತ. ಯಾರು ಯಾವ ಯಂತ್ರದಲ್ಲಿದ್ದಾರೆ ಅನ್ನೋದು ಸರ್ವರ್ ವಿಳಾಸದಿಂದ ಗೊತ್ತಾಗುತ್ತೆ. ನಮ್ಮ ಗ್ರಾಹಕ ಒಬ್ಬ ಹೀಗೇ ಬೇರೆ ಯಂತ್ರದಲ್ಲಿದ್ದ ಮೂರು ಸರ್ವರ್ ಬೇಡ ಅಂದು ನಾಲ್ಕನೇದು ಹಿಡಿದ. ಅವನಿಗೆ ನಿಮ್ಮ ನೆರೆ ಬೇಕಿತ್ತು. ಬೇಕಾದಾಗ ತನ್ನ ಸರ್ವರ್‌ಗೆ ಕೆಲಸಕ್ಕೆ ಬಾರದ ಭಾರ ಹೇರಿದ್ರೆ ಸಾಕು, ಯಂತ್ರ ಸುಸ್ತಾಗುತ್ತೆ, ನಿಮ್ಮ ಆಟ ನಿಲ್ಲುತ್ತೆ."

"ಎದುರು ತಂಡದವರಾ?" ಕ್ಯಾಪ್ಟನ್ ಕೇಳಿದರು.

"ಎದುರಾಳಿಗಳು ಪಂದ್ಯಕ್ಕೊಬ್ಬರು, ಡಾಕ್ಟರೇ. ಪ್ರತಿ ಪಂದ್ಯ ಬಿಗಿಯಾಗೋ ಗಳಿಗೆ ಗೊತ್ತಿದ್ದುದು ನಿಮ್ಮವರಿಗೇ. ಆದರೆ ಆಡೋರ ಎರಡು ಕೈಯೂ ಆಟದಲ್ಲಿರುತ್ತೆ. ಕೈ ಖಾಲಿ ಇದ್ದವರು ಯಾರು? ಜ್ವರದ ದಿನ ನಿಮ್ಮ ತಮ್ಮ ಆಡಲಿಲ್ಲ ಅಂತ ಎಲ್ಲರೂ ಲೆಕ್ಕ ಹಾಕಿದ್ರಿ. ಅವನ ಜಾಗದಲ್ಲಿ ಆಡಿದ್ದು ಯಾರು ಅಂತ ಒಬ್ಬರೂ ಕೇಳಲಿಲ್ಲ."

ಬದಲಿ ಆಟಗಾರ ನಕ್ಕ. "ಒಳ್ಳೆ ಕತೆ ಆಂಟಿ. ಸಾಕ್ಷಿ ಎಲ್ಲಿ?"

"ಏಣಿ, ಆ ನಾಲ್ಕನೇ ಸರ್ವರ್ ನಿಲ್ಲಿಸಪ್ಪ."

ಸರ್ವರ್ ನಿಂತರೆ ಬಾಡಿಗೆದಾರನಿಗೆ ತಾನಾಗಿಯೇ ಸಂದೇಶ ಹೋಗುವ ಏರ್ಪಾಡು ನಮ್ಮದು. ಸುಳ್ಳು ಹೆಸರಿನಲ್ಲಿ ಕೊಂಡರೂ ಸಂದೇಶ ತಲುಪುವುದು ಕೊಂಡವನಿಗೇ. ಮೇಜಿನ ಮೇಲೆ ಬದಲಿ ಆಟಗಾರನ ಫೋನ್ ಟಿಣ್ ಎಂದಿತು. ಕ್ಯಾಪ್ಟನ್ ಪರದೆಯನ್ನು ಓದಿದರು: "ನಿಮ್ಮ ಸರ್ವರ್ ಸ್ಥಗಿತಗೊಂಡಿದೆ."

"ಎಷ್ಟು ದಿನ ಅಂತ ಬೆಂಚು ಕಾಯ್ಲಿ?" ಎಂದ ಅವನು. "ಇವನ ಹೆಸರು ಕೆಟ್ರೆ ಜಾಗ ನನ್ನದಾಗ್ತಿತ್ತು. ನಾನು ಆಡಿದ ದಿನ ಸರ್ವರ್ ಬೆಣ್ಣೆ ಹಾಗೆ ನಡೀಬೇಕು, ಅಷ್ಟೇ."

ಅಕ್ಕ ತಮ್ಮನ ತಲೆಗೂದಲು ಕೆದರಿದರು. ಅವನು ಅಂದು ಮೊದಲ ಸಲ ನೆಟ್ಟಗೆ ಕುಳಿತ.

"ಕೇಳಿದ್ರಲ್ಲ!" ಯಜಮಾನರು ಎದೆಯುಬ್ಬಿಸಿ ಎದ್ದರು. "ನಮ್ಮ ಕಡೆ ಒಂದು ಚೂರೂ ತಪ್ಪಿಲ್ಲ. ಕಳ್ಳ ನಿಮ್ಮವನೇ."

"ಹಾಗಾದ್ರೆ ನಾಳೆ ಇನ್ನೊಬ್ಬ ಪಕ್ಕದಲ್ಲಿ ಬಂದು ಕೂತ್ರೆ?" ಕ್ಯಾಪ್ಟನ್ ಕೇಳಿದರು.

ಆ ತಂಡ ಇಂದಿಗೂ ನಮ್ಮ ಗ್ರಾಹಕರು. ತಾವು ಆಡಿದ ಮಾತಿನ ಗತ್ತಿನಿಂದಲೇ ಅವರು ಉಳಿದರು ಎಂದು ಯಜಮಾನರು ನಂಬಿದ್ದಾರೆ. ಚಿಕ್ಕಮ್ಮ ನಂಬುವುದು ಬೇರೆ. ಕ್ಯಾಪ್ಟನ್ ಹಾಗೆ ಕೇಳಿದಾಗ ಅವಳು ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದಳು. ಎದ್ದು ನಿಂತೆ.

"ತಪ್ಪು ನಮ್ಮದೂ ಇದೆ ಡಾಕ್ಟರೇ," ಎಂದೆ, ಕೋಣೆಯ ಮೂಲೆಗೂ ಕೇಳುವಷ್ಟು ಗಟ್ಟಿಯಾಗಿ. "ಒಬ್ಬರ ಭಾರ ಪಕ್ಕದವರ ಮೇಲೆ ಬೀಳದ ಹಾಗೆ ನಾವು ಮೊದಲೇ ಮಿತಿ ಹಾಕಬೇಕಿತ್ತು. ಹಾಕಿರಲಿಲ್ಲ."